‘ಬಿಡು’ ಎನ್ನುವವರೆಗೆ

ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

ಆವತ್ತು ಮಧ್ಯಾಹ್ನ ನಮ್ಮ ಹಳೆಯ ಫೋರ್ ವೀಲ್ ಡ್ರೈವ್ ವ್ಯಾಗನ್ ಕಾರಿನ ಬ್ರೇಕ್ ಪೈಪಿಗೆ ಸೇರಿದ್ದ ಗಾಳಿ ತೆಗೆಯುತ್ತಿದ್ದೆವು. ಅದು ಇಬ್ಬರ ಕೆಲಸ. ಗಾಡಿಯ ಕೆಳಗೆ ಮಲಗಿದವನು ‘ಒತ್ತು’ ಎಂದಾಗ ಮೇಲೆ ಸೀಟಿನಲ್ಲಿ ಕೂತವನು ಪೆಡಲ್ ಒತ್ತಬೇಕು. ‘ಬಿಡು’ ಎನ್ನುವವರೆಗೆ ಕಾಲು ತೆಗೆಯಬಾರದು. ಕೆಳಗೆ ನಾನಿದ್ದೆ; ಮೇಲೆ ಕೂತ ನನ್ನ ತಮ್ಮ ಪ್ರತಿ ಸಲವೂ ಮುಂಚೆಯೇ ಕಾಲು ತೆಗೆದು ಪೈಪಿಗೆ ಮತ್ತೆ ಗಾಳಿ ಸೇರಿಸುತ್ತಿದ್ದ.

“ಕಾಲಲ್ಲಿ ಜೀವ ಇಲ್ವೇನೋ, ದಂಡಪಿಂಡ? ಬಿಡು ಅಂದ್ನಾ ನಾನು?” ಎಂದು ಕಿರುಚಿ, ಗಾಳಿ ಹೊರಬಿಡುವ ತುಕ್ಕು ಹಿಡಿದ ನಿಪ್ಪಲ್ಲಿಗೆ ಸುತ್ತಿಗೆಯಿಂದ ಬಡಿದೆ. ಆ ಸದ್ದಿನಲ್ಲಿ ಬೇರೇನೂ ಕೇಳಿಸುವಂತಿರಲಿಲ್ಲ.

ಆಮೇಲೆ ಕೆಲಸ ಸರಾಗವಾಯಿತು. ಒತ್ತು ಎಂದರೆ ಒತ್ತು, ಬಿಡು ಎಂದರೆ ಬಿಡು. ಸುಡುಬಿಸಿಲಿನಲ್ಲೂ ಪೈಪಿನಿಂದ ಬಂದ ಆಯಿಲ್ ಮಾತ್ರ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಬೈದರೇನೇ ಬಗ್ಗೋದು ಇವನು ಎಂದುಕೊಂಡು ಇನ್ನಷ್ಟು ಬೈದೆ. ಕೊನೆಯ ಚಕ್ರಕ್ಕೆ ಬಂದು “ಒತ್ತು” ಎಂದೆ. ಗಾಳಿಯ ಒಂದು ಗುಳ್ಳೆಯೂ ಬರಲಿಲ್ಲ. ನಿಪ್ಪಲ್ ಬಿಗಿ ಮಾಡಿದೆ.

“ಯಾರಿಗಣ್ಣಾ ಬೈತಿದ್ದೀಯಾ?”

ಗೇಟಿನ ಹತ್ತಿರ ತಮ್ಮ ನಿಂತಿದ್ದ. ಒಂದು ಕೈಯಲ್ಲಿ ಬ್ರೇಕ್ ಆಯಿಲ್ ಡಬ್ಬಿ, ಇನ್ನೊಂದರಲ್ಲಿ ಗಾಡಿಯ ಕೀ.

“ನಿನ್ನ ಬೈಗುಳ ಕೇಳೋಕಾಗ್ದೆ ಆಗ್ಲೇ ಗಾಡಿ ಲಾಕ್ ಮಾಡ್ಕೊಂಡು ಅಂಗಡಿಗೆ ಹೋಗಿದ್ನಲ್ಲ!”

ಎದ್ದು ಕಿಟಕಿ ಗಾಜಿನಿಂದ ಇಣುಕಿದೆ. ಸೀಟಿನಲ್ಲಿ ಯಾರೂ ಇರಲಿಲ್ಲ. ಪೆಡಲ್ ಮಾತ್ರ ಒತ್ತಿದ ಹಾಗೇ ಕೆಳಗಿತ್ತು.

ನಾನಿನ್ನೂ ‘ಬಿಡು’ ಎಂದಿರಲಿಲ್ಲ.