ಐದನೇ ಮನೆ

"ಚಪ್ಪಲಿ ಎಲ್ಲಿ?"

ನಿರಂಜನ್‌ನನ್ನು ಎದುರಿಗೆ ಕಂಡ ಕೂಡಲೇ ಅಂಜನಾಳ ಬಾಯಿಂದ ಬಂದ ಮೊದಲ ಮಾತು ಅದು!

ಕೊಳ್ಳೇಗಾಲದ ಅವರ ಬೀದಿಯ ತುದಿಯಲ್ಲಿ ಬಿಳಿ ಕ್ಯಾರವಾನ್ ನಿಂತಿತ್ತು. ಒಳಗೆ ಮಂಚ, ಒಲೆ, ಕಿಟಕಿಗೆ ಹೂವಿನ ಪರದೆ... ಬಾಗಿಲಲ್ಲಿ ಬರಿಗಾಲಲ್ಲಿ ಅವನು.

"ಇವತ್ತು... ಹಾಕಿಲ್ಲ," ಎಂದು ಕಣ್ಣು ತಪ್ಪಿಸಿದ.

ಇಷ್ಟು ಚಂದದ ಗಾಡಿಯನ್ನು ಬಾಡಿಗೆಗೆ ಓಡಿಸುವವನಿಗೆ ಒಂದು ಜೊತೆ ಚಪ್ಪಲಿ ಇಲ್ಲವೇ? ಏನೋ ಮುಚ್ಚಿಡುತ್ತಿದ್ದಾನೆ!

"ಹತ್ತವ್ವಾ, ಬಾಗ್ಲಲ್ಲೇ ನಿಂತ್ಕಂಡು ಪೊಲೀಸ್ನೋರಂಗೆ ಕೇಳ್ಬ್ಯಾಡ," ಎಂದು ಸೋದರತ್ತೆ ದೇವೀರಮ್ಮ ಅವಳನ್ನು ಒಳಗೆ ತಳ್ಳಿದಳು.

ಇಬ್ಬರೂ ಫೋಟೊದಲ್ಲಷ್ಟೇ ನೋಡಿಕೊಂಡಿದ್ದರು. ಹುಡುಗ, ಹುಡುಗಿ ಒಂದು ದಿನ ಸುತ್ತಾಡಿ ಬರಲಿ, ಸಂಜೆ ಅಂಜನಾ ತನ್ನ ಉತ್ತರ ಹೇಳಲಿ ಎಂದು ಎರಡೂ ಮನೆಯವರು ಒಪ್ಪಿದ್ದರು. ಕಾವಲಿಗೆ ಅತ್ತೆ. ಅಂಜನಾ ಇಟ್ಟಿದ್ದು ಒಂದೇ ಷರತ್ತು. ತನ್ನ ಬಗ್ಗೆ ಯಾರ ಮನೆಯಲ್ಲೂ ವಿಚಾರಿಸಬಾರದು.

ಹಿಂದಿನ ಸಂಬಂಧ ಮುರಿದದ್ದೇ ಹಾಗೆ. ಗಂಡಿನ ಕಡೆಯವರು ಮನೆಮನೆಗೆ ಹೋಗಿ ಕೇಳಿದರು. ಯಾರೋ ಏನೋ ಅಂದರು... ನಿಶ್ಚಿತಾರ್ಥಕ್ಕೆಂದು ಅವಳೇ ನೇಯುತ್ತಿದ್ದ ರೇಷ್ಮೆ ಸೀರೆ ಇನ್ನೂ ಮಗ್ಗದ ಮೇಲಿರುವಾಗಲೇ 'ಬೇಡ' ಎಂಬ ಫೋನ್ ಬಂತು. ಇನ್ನೊಮ್ಮೆ ಅದನ್ನು ತಡೆದುಕೊಳ್ಳಲು ಅವಳಿಂದಾಗದು.

ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿಯನ್ನು ನೋಡುತ್ತಾ ಅತ್ತೆ ಮೂಗಿನ ಮೇಲೆ ಬೆರಳಿಟ್ಟಳು.

"ನೋಡ್ ಮಗಾ, ಕಲ್ಲಲ್ಲೇ ಬಳೆ ಕೊರ್ದವ್ರೆ! ನಮ್ಗೆ ನಿನ್ ಕೈಗೆ ಹಸ್ರು ಬಳೆ ತೊಡ್ಸಾಕೆ ಆಯ್ತಾ ಇಲ್ಲ."

ಅಂಜನಾ ನಗುತ್ತಾ ಹಿಂದಿರುಗಿ ನೋಡಿದಳು. ನಿರಂಜನ್ ಇರಲಿಲ್ಲ!

ರಸ್ತೆಯಾಚೆ, ಯಾವುದೋ ಮನೆಯ ಬಾಗಿಲಲ್ಲಿ ನಿಂತಿದ್ದ. ಆ ಮನೆಯಾಕೆ ಅಂಜನಾಳ ಕಡೆ ಇಣುಕಿ ನೋಡಿ, ಅವನಿಗೆ ಏನೋ ಹೇಳಿ ನಕ್ಕಳು. ಅವನು ಬಟ್ಟೆಯ ಚೀಲವೊಂದನ್ನು ಕಂಕುಳಿಗೆ ಸೇರಿಸಿಕೊಂಡು ಬಂದ.

"ಎಲ್ಲಿಗೆ ಹೋಗಿದ್ರಿ?"

"ನೀ... ನೀರು ಕೇಳೋಕೆ."

ಗಾಡಿಯಲ್ಲಿ ಕ್ಯಾನ್ ತುಂಬಾ ನೀರಿತ್ತು. ಇವನೂ ವಿಚಾರಿಸಲು ಹೋಗಿದ್ದನೇ?

ಮಧ್ಯಾಹ್ನ ಹನೂರಿನ ರಸ್ತೆಯಲ್ಲಿ, ಹುಣಸೆಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಅವನೇ ಮುದ್ದೆ ತೊಳಸಿದ. ಒಂದು ಗಂಟಿಲ್ಲ! ಅತ್ತೆ ತಂದಿದ್ದ ಹುರುಳಿಕಾಳಿನ ಸಾರು ಬಿಸಿಯಾಯಿತು.

"ಕೈ ಸುಟ್ಕೊಂಡೀರಾ... ಸ್ವಲ್ಪ ಆರ್ಲಿ," ಎಂದು ಅಂಜನಾಳ ತಟ್ಟೆಗೆ ಗಾಳಿ ಬೀಸಿದ. ಅವಳ ಮನಸ್ಸು ಮೆತ್ತಗಾಯಿತು. ಇಷ್ಟು ಒಳ್ಳೆಯವನು ಯಾಕೆ ಸುಳ್ಳು ಹೇಳಬೇಕು?

ಹನೂರಿನಲ್ಲಿ ಅತ್ತೆ ಅಕ್ಕಿ ಕೊಳ್ಳುವಷ್ಟರಲ್ಲಿ ಅವನು ಮತ್ತೆ ಮಾಯ. ಗಲ್ಲಿಯಲ್ಲಿ ಒಂದು ಬಾಗಿಲು ಬಿಟ್ಟು ಇನ್ನೊಂದು ಬಾಗಿಲಿಗೆ ಹೋಗುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಳು.

"ಮತ್ತೆ ನೀರಾ?"

ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿದ.

ಬಂಡಳ್ಳಿ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅರಳಿಕಟ್ಟೆಯ ಮುಂದೆ ದೇವರಗುಡ್ಡರು ಕಂಸಾಳೆ ಬೀಸುತ್ತಾ ಮಾದಪ್ಪನ ಪದ ಹಾಡುತ್ತಿದ್ದರು. ಹಿತ್ತಾಳೆಯ ತಾಳಗಳು ತಲೆಯ ಮೇಲೆ, ಬೆನ್ನ ಹಿಂದೆ ಝಣ್ ಝಣ್ ಎನ್ನುತ್ತಿದ್ದವು. ಅತ್ತೆ ತಲೆದೂಗುತ್ತಾ ಕುಳಿತಳು. ನಿರಂಜನ್ ಮಾತ್ರ ಸೂರ್ಯನನ್ನು ನೋಡಿ, ಮೆಲ್ಲಗೆ ಎದ್ದ.

ಅಂಜನಾ ಹಿಂದೆಯೇ ಓಡಿ ಕ್ಯಾರವಾನ್ ಬಳಿ ಅಡ್ಡ ನಿಂತಳು.

"ಇನ್ನೂ ಯಾವ ಮನೇಲಿ ವಿಚಾರಿಸೋದು ಬಾಕಿ ಇದೆ? ಒಂದೇ ಒಂದು ಮಾತು ಕೇಳಿದ್ದೆ ನಿಮ್ಮನ್ನ!"

"ಅಂಜನಾ ಅವ್ರೇ, ಅದಲ್ಲ..."

"ಚೀಲದಲ್ಲೇನಿದೆ? ತೋರ್ಸಿ!"

ಕಿತ್ತುಕೊಂಡಳು. ಅಕ್ಕಿ, ರಾಗಿಹಿಟ್ಟು ಅವಳ ಅಂಗೈಗೆ ಸುರಿಯಿತು! ಜೊತೆಗೆ ಒಂದಿಷ್ಟು ವಿಭೂತಿ.

ಏದುಸಿರು ಬಿಡುತ್ತಾ ಬಂದ ಅತ್ತೆ ಅದನ್ನು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ ಮಂಕ್ ಬುದ್ಧಿಗೆ! ಬರಿಗಾಲು, ಜೋಳಿಗೆ... ಭಿಕ್ಸ ಎತ್ತೋ ಹರಕೆಯೇನಪ್ಪಾ?"

"ಹೂಂ ಅತ್ತೆ. ಅಮ್ಮಂದು," ಎಂದ ತಲೆ ತಗ್ಗಿಸಿ. "ಹುಡುಗಿ ನನ್ನ ಮನಸ್ಸಿಗೆ ಬಂದ್ಮೇಲೆ, ಹೊತ್ತು ಮುಳುಗೋದ್ರೊಳಗೆ ಐದು ಮನೇಲಿ ಭಿಕ್ಷೆ ಎತ್ತಿ, ಅದನ್ನೇ ಬೇಯಿಸಿ ಮಾದಪ್ಪನಿಗೆ ಎಡೆ ಇಡಬೇಕು. ನಾಲ್ಕು ಮನೆ ಆಯ್ತು."

ಹುಡುಗಿ ಮನಸ್ಸಿಗೆ ಬಂದ ಮೇಲೆ... ಅಂದರೆ ಬೆಳಿಗ್ಗೆ ಬರಿಗಾಲಲ್ಲಿ ಬರುವಾಗಲೇ?

"ಆ ಹೆಂಗಸು ನನ್ನ ನೋಡಿ ನಕ್ಕಿದ್ದು?"

"ಯಾರಿಗೋಸ್ಕರ ಈ ಹರಕೆ ಅಂದ್ರು. ನಿಮ್ಮನ್ನ ತೋರಿಸ್ದೆ. ಒಂದು ಹಿಡಿ ಜಾಸ್ತಿ ಹಾಕಿದ್ರು."

"ನನಗೆ ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ದೇವರಿಗೆ ಹೆದರಿ ನೀವು ಹೂಂ ಅಂದ್ಬಿಡ್ತೀರಾ ಅಂತ... ನನಗೆ ನಿಮ್ಮ ಮನಸ್ಸಿನ ಹೂಂ ಬೇಕಿತ್ತು."

ಅಂಜನಾಳ ಕಣ್ಣು ಮಂಜಾಯಿತು. ಎಲ್ಲರೂ ಅವಳ ತಪ್ಪು ಹುಡುಕಲು ಮನೆಮನೆ ಸುತ್ತಿದ್ದರು. ಇವನು ಅವಳಿಗಾಗಿ ಕೈಯೊಡ್ಡಿ ಸುತ್ತಿದ್ದ!

"ಹೊತ್ತು ಮುಳುಗ್ತಾ ಐತೆ, ನಡಿಯಪ್ಪಾ," ಎಂದಳು ಅತ್ತೆ. "ಸ್ವಂತದೋರ್ ಕೈಲಿ ಮಾತ್ರ ಇಸ್ಕೋಬ್ಯಾಡ. ಮನೆಯೋರು ಹಾಕಿದ್ದು ಭಿಕ್ಸ ಆಗಾಕಿಲ್ಲ."

ನಿರಂಜನ್ ಕದಲಲಿಲ್ಲ. ಅವಳನ್ನೇ ನೋಡಿದ.

"ನಾನು ನಿಮಗೆ ಬೇಡ ಅನ್ನಿಸಿದ್ರೆ... ಅತ್ತೆ ತಂದಿರೋ ಅಕ್ಕೀಲಿ ಒಂದು ಹಿಡಿ ನೀವೇ ಹಾಕಿಬಿಡಿ. ಹರಕೆನೂ ತೀರುತ್ತೆ. ಒಂದು ಮಾತೂ ಕೇಳದೆ ನಿಮ್ಮನ್ನ ಮನೆಗೆ ಬಿಡ್ತೀನಿ."

ಅವಳ ಕೈಲಿದ್ದ ಜೋಳಿಗೆಯನ್ನು ತೆಗೆದುಕೊಂಡು ಚಾಚಿದ.

ಅಂಜನಾ ಕ್ಯಾರವಾನ್ ಹತ್ತಿದಳು. ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ಅವನು ಕಣ್ಣು ಮುಚ್ಚಿಕೊಂಡ.

ಜೋಳಿಗೆಗೆ ಏನೂ ಬೀಳಲಿಲ್ಲ...

"ಮುಂದಿನ ಮನೆಗೆ ಹೋಗಿ," ಎಂದಳು.

"ಯಾಕೆ?"

"ನಮ್ಮನೆ ಅಕ್ಕಿ ನಿಮಗೆ ಭಿಕ್ಷೆ ಹೆಂಗಾಗುತ್ತೆ?"

ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅತ್ತೆಗೆ ಬೇಕಾಗಲಿಲ್ಲ. "ಓಡಪ್ಪಾ ಓಡು! ಬಾಯ್ ಬಿಟ್ಕಂಡು ಏನ್ ನೋಡೀಯೆ!"

ಅವನು ನಾಲ್ಕು ಹೆಜ್ಜೆ ಓಡಿದವನು ತಿರುಗಿ ಬಂದ.

"ನಿಜವಾಗ್ಲೂ... ಮನಸ್ಸಿಂದ ತಾನೇ?"

"ಎಸರಿಡ್ತಾ ಇದೀನಿ ಕಣ್ರಿ," ಎಂದು ಅಂಜನಾ ಕಣ್ಣೊರೆಸಿಕೊಂಡು ನಕ್ಕಳು. "ಕುದಿಯೋದ್ರೊಳಗೆ ಬನ್ನಿ."