ಉಪ್ಪಿಲ್ಲದ ಎಲೆಕೋಸು

"ನಿಲ್ಲಿಸಿ! ಆ ಟ್ರಾಲಿ ವಾರ್ಡಿನೊಳಗೆ ಹೋಗಕೂಡದು!"

ಇಡೀ ಕಾರಿಡಾರ್ ತಿರುಗಿ ನೋಡಿತು. ಹೃದ್ರೋಗ ವಾರ್ಡಿನ ಊಟದ ಹೊಣೆ ಹೊತ್ತ ಡಯಟೀಷಿಯನ್ ಮೇಡಂಗೆ ಸಿಟ್ಟು ನೆತ್ತಿಗೇರಿದರೆ ನರ್ಸ್‌ಗಳೂ ಗೋಡೆ ಒತ್ತಿಕೊಂಡು ನಡೆಯುತ್ತಿದ್ದರು. ಟ್ರಾಲಿ ತಳ್ಳುತ್ತಿದ್ದವನು ಮಾತ್ರ ನಿಂತಲ್ಲೇ ಮುಗುಳ್ನಕ್ಕ. ಆಸ್ಪತ್ರೆಯ ಅಡುಗೆಮನೆಗೆ ಅವತ್ತಷ್ಟೇ ಸೇರಿದ ಅಡುಗೆಯವನು ಅವನು.

"ಎಲೆಕೋಸು ಯಾಕ್ರೀ ಹೀಗೆ ಕಂದಿದೆ? ಇಲ್ಲಿ ನೀರಲ್ಲಿ ಬೇಯಿಸಿ ಕೊಡೋದು ಮೊದಲಿಂದ ಬಂದ ಪದ್ಧತಿ!"

"ಆ ಪದ್ಧತಿಯ ಎಲೆಕೋಸು ಹೋದ ದಾರೀಲೇ ವಾಪಸ್ ಬರ್ತಿತ್ತಂತೆ ಮೇಡಂ. ದಪ್ಪ ಹೋಳು ಮಾಡಿ, ಕಾವಲಿ ಮೇಲೆ ಸುಟ್ಟು, ನಿಂಬೆರಸ, ಹುರಿದ ಎಳ್ಳು ಹಾಕಿದೀನಿ. ಉಪ್ಪು ಒಂದು ಕಾಳೂ ಇಲ್ಲ. ತಿಂದು ನೋಡಿ."

"ನಾನು ತೂಕ ನೋಡ್ತೀನಿ. ತಿನ್ನಲ್ಲ."

ತೂಕ ಸರಿಯಿತ್ತು. ಟ್ರಾಲಿ ಒಳಗೆ ಹೋಯಿತು. ಅವತ್ತು ಒಂದು ತಟ್ಟೆಯಲ್ಲೂ ಎಲೆಕೋಸು ಉಳಿಯಲಿಲ್ಲ.

ಮುಂದಿನ ದಿನಗಳಲ್ಲಿ ಹುರುಳಿಕಾಯಿಗೆ ಸುಟ್ಟ ಬೆಳ್ಳುಳ್ಳಿ ಬಂತು, ಹಿಸುಕಿದ ಕುಂಬಳಕಾಯಿಗೆ ಕಿತ್ತಳೆ ರಸ ಬಂತು. ಅನ್ನ ಬೇಡ ಎನ್ನುತ್ತಿದ್ದ ರೋಗಿಗಳು ಇವತ್ತು ಅನ್ನದ ಜೊತೆ ಏನು ಎಂದು ಕೇಳತೊಡಗಿದರು. ಪ್ರತಿದಿನ ಮೊದಲ ತಟ್ಟೆ ಮೇಡಂ ಮೇಜಿಗೆ ಬರುತ್ತಿತ್ತು. ಅವಳು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು, ಅದು ನಿಯಮ. ಅವಳು ತೂಗುತ್ತಿದ್ದಳು, ಸಹಿ ಹಾಕುತ್ತಿದ್ದಳು. ಮೂರು ವಾರದಲ್ಲಿ ಒಂದು ಚಮಚವೂ ಬಾಯಿಗಿಡಲಿಲ್ಲ.

'ತಿಂದರೆ ಇಷ್ಟವಾಗಿಬಿಡುತ್ತೆ... ಆಮೇಲೆ ಇವನು ತಪ್ಪು ಮಾಡಿದರೆ ಬೈಯೋಕೆ ನನಗೆ ಬಾಯಿ ಬರುತ್ತಾ?'

ಇಷ್ಟವಾಗುವುದು ಎಲೆಕೋಸೋ ಅವನೋ ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಜಾಣೆ!

ಅಷ್ಟರಲ್ಲಿ ಒಂಬತ್ತನೇ ಹಾಸಿಗೆಯ ಅಜ್ಜನ ರಕ್ತದೊತ್ತಡ ಏರಿತು. ಕಾಲು ಊದಿಕೊಂಡಿತು. ಮೂತ್ರ ಪರೀಕ್ಷೆಯಲ್ಲಿ ಉಪ್ಪಿನಂಶ ವಿಪರೀತ! ಅವಳು ರಿಪೋರ್ಟನ್ನು ಎರಡೆರಡು ಸಲ ಓದಿದಳು. ಇಷ್ಟು ದಿನ ತಟ್ಟೆ ಖಾಲಿಯಾಗುತ್ತಿದ್ದ ಗುಟ್ಟು ಇದೇನಾ?

ಅವಳು ಸೀದಾ ಅಡುಗೆಮನೆಗೆ ಇಳಿದಳು.

"ಹೆಸರು ಮಾಡೋಕೆ ಕದ್ದು ಉಪ್ಪು ಹಾಕಿದ್ರಾ? ಅಜ್ಜನ ಜೀವಕ್ಕೇನಾದ್ರೂ ಆದ್ರೆ?"

ಅವನ ಕೈಯಲ್ಲಿದ್ದ ಚಾಕು ನಿಂತಿತು. "ನಾನು ಹಾಕಿಲ್ಲ."

"ಉಪ್ಪಿಲ್ಲದೆ ಅಷ್ಟು ರುಚಿ ಹೇಗೆ ಬರುತ್ತೆ?"

"ಅದು ತಿಂದವರಿಗೆ ಗೊತ್ತು, ಮೇಡಂ."

ಆ ಮಾತು ಅವಳಿಗೆ ಚುರುಕ್ಕೆಂದಿತು. ಸಿಟ್ಟಿನಲ್ಲೇ ದೂರು ಬರೆದು ಕೊಟ್ಟಳು. ಅವನನ್ನು ಕೆಲಸದಿಂದ ದೂರವಿಟ್ಟರು. ಮೂರನೇ ದಿನ ವಿಚಾರಣೆ. ತಪ್ಪು ಸಾಬೀತಾದರೆ ಮುಂದೆ ಯಾವ ಆಸ್ಪತ್ರೆಯೂ ಅವನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ವಾರ್ಡಿಗೆ ಮತ್ತೆ ನೀರಲ್ಲಿ ಬೇಯಿಸಿದ ಎಲೆಕೋಸು ಬಂತು, ಮತ್ತೆ ಹಾಗೇ ವಾಪಸ್ಸಾಯಿತು. ಆದರೆ ವಿಚಾರಣೆಯ ದಿನ ಬೆಳಿಗ್ಗೆ ಅಜ್ಜನ ರಕ್ತದೊತ್ತಡ ಇನ್ನೂ ಮೇಲೇರಿತ್ತು!

'ಅವನೇ ಇಲ್ಲ... ಉಪ್ಪು ಎಲ್ಲಿಂದ ಬಂತು?'

ಅವಳು ಒಂಬತ್ತನೇ ಹಾಸಿಗೆಗೆ ಧಾವಿಸಿದಳು. ಹಾಸಿಗೆಯ ಹತ್ತಿರ ಕುಳಿತು ಮೆಲ್ಲಗೆ ಕೇಳಿದಳು. "ಅಜ್ಜ, ನಿಜ ಹೇಳಿ. ಉಪ್ಪು ಯಾರು ಕೊಡ್ತಿದಾರೆ?"

ಅಜ್ಜ ಬಾಗಿಲ ಕಡೆ ಕಳ್ಳನೋಟ ಬೀರಿ ದಿಂಬಿನಡಿಯಿಂದ ಕನ್ನಡಕದ ಡಬ್ಬಿ ತೆಗೆದರು. ಒಳಗೆ ಕನ್ನಡಕವಿರಲಿಲ್ಲ, ಪುಡಿ ಉಪ್ಪಿತ್ತು.

"ಬೈಬೇಡಮ್ಮ. ಮನೆಯಿಂದಲೇ ತಂದದ್ದು. ಅನ್ನ, ಸೂಪು ಗಂಟಲಲ್ಲಿ ಇಳೀತಿರಲಿಲ್ಲ, ಚಿಟಿಕೆ ಹಾಕ್ಕೊಳ್ತಿದ್ದೆ. ಈಗಂತೂ ಎಲ್ಲಕ್ಕೂ ಹಾಕ್ಕೊಳ್ಳಬೇಕು. ಆ ಹುಡುಗನ ಎಲೆಕೋಸು ಇತ್ತಲ್ಲ, ಅದೊಂದಕ್ಕೆ ಮಾತ್ರ ಬೇಕಾಗ್ತಿರಲಿಲ್ಲ ನೋಡು."

ಅವಳ ಕಣ್ಣು ತುಂಬಿತು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ವಿಚಾರಣೆ ಹನ್ನೊಂದಕ್ಕೇ ಶುರುವಾಗಿತ್ತು! ಡಬ್ಬಿ ಕೈಯಲ್ಲಿ ಹಿಡಿದು ಎರಡೆರಡು ಮೆಟ್ಟಿಲು ಹಾರಿ ಓಡಿದಳು.

ಕೋಣೆಯಲ್ಲಿ ಅವನು ತಲೆತಗ್ಗಿಸಿ ಕುಳಿತಿದ್ದ. ಆಡಳಿತಾಧಿಕಾರಿಯ ಪೆನ್ನು ಆಗಲೇ ಕಾಗದದ ಮೇಲಿತ್ತು.

"ಸರ್, ಬರೀಬೇಡಿ! ತಪ್ಪು ನನ್ನದು!"

ಅಜ್ಜನ ಡಬ್ಬಿಯ ಕಥೆ ಕೇಳಿ ಅಧಿಕಾರಿ ಹುಬ್ಬುಗಂಟಿಕ್ಕಿದರು. "ಮತ್ತೆ ದಿನಾ ರುಚಿ ನೋಡಿದೀನಿ ಅಂತ ಸಹಿ ಹಾಕಿದೀರಲ್ಲ? ಉಪ್ಪಿತ್ತೋ ಇಲ್ವೋ ನಿಮಗೆ ಗೊತ್ತಾಗಲಿಲ್ವಾ?"

ಸುಳ್ಳು ಹೇಳಿ ಪಾರಾಗಲು ಒಂದು ಕ್ಷಣ ಸಾಕಿತ್ತು. ಅವಳು ಅವನ ಕಡೆ ನೋಡಿದಳು.

"ನಾನು ಒಂದು ದಿನವೂ ತಿಂದಿಲ್ಲ ಸರ್. ಆ ಸಹಿಗಳೆಲ್ಲ ಸುಳ್ಳು."

ಅವನು ಬೆಚ್ಚಿ ತಲೆಯೆತ್ತಿದ. ಅವಳ ಕೈಗೆ ಎಚ್ಚರಿಕೆಯ ಪತ್ರ ಬಂತು, ವರ್ಷದ ವೇತನ ಬಡ್ತಿಯೂ ಹೋಯಿತು. ಅವನಿಗೆ ಅವತ್ತೇ ಕೆಲಸಕ್ಕೆ ಹೋಗಲು ಅಪ್ಪಣೆಯಾಯಿತು.

ಹೊರಗೆ ಕಾರಿಡಾರಿನಲ್ಲಿ ಅವನು ಮುಂದೆ ನಡೆದ.

"ಒಂದು ನಿಮಿಷ! ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ..."

ಅವನು ನಿಂತ, ತಿರುಗಲಿಲ್ಲ. "ಕದ್ದು ಉಪ್ಪು ಹಾಕಿದೆ ಅಂದದ್ದು ನೋವಾಯ್ತು. ಅದಕ್ಕಿಂತ... ಮೊದಲೆರಡು ದಿನ ನಿಮಗೆ ತಟ್ಟೆ ಕಳಿಸಿದ್ದು ನಿಯಮಕ್ಕೆ. ಆಮೇಲೆ ನಿಯಮಕ್ಕಲ್ಲ. ನಿಮಗೋಸ್ಕರ ಮಾಡ್ತಿದ್ದೆ, ಉಳಿದವರಿಗೆ ಅದನ್ನೇ ಬಡಿಸ್ತಿದ್ದೆ. ಸಹಿ ನೋಡಿ ತಿಂತಿದೀರಿ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು, ನೀವು ಮುಟ್ಟಿಯೇ ಇಲ್ಲ."

ಅವಳಿಗೆ ಅಳು ಉಕ್ಕಿ ಬಂತು. "ಹೆದರಿಕೆ ಆಗಿತ್ತು ರೀ! ಎಲ್ಲಿ ಇಷ್ಟವಾಗಿಬಿಡ್ತೀರೋ ಅಂತ... ತಿನ್ನದಿದ್ರೂ ಇಷ್ಟವಾಗಿಬಿಟ್ರಿ. ನಾನೇನು ಮಾಡಲಿ?"

ಈಗ ಅವನು ತಿರುಗಿದ. ಮೂರು ದಿನದ ಬಿಗಿ ಮುಖದಿಂದ ನಿಧಾನವಾಗಿ ಸಡಿಲಿತು.

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀರಾ?"

"ಇಲ್ಲ..."

"ಬನ್ನಿ, ಒಲೆ ಹಚ್ತೀನಿ. ಆದರೆ ತೂಕದ ಯಂತ್ರ ತರಬೇಡಿ."

"ಚೆನ್ನಾಗಿಲ್ಲದಿದ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ."

"ಹೇಳಿ. ನನ್ನ ಎದುರಿಗೆ ಕೂತು, ತಿಂದು, ಹೇಳಿ."

"ದಿನಾನಾ?" ಅವಳು ಕಣ್ಣೊರೆಸಿಕೊಂಡಳು.

"ದಿನಾ."