ಪೆನ್ಸಿಲ್ಲಿನಲ್ಲಿ ಬರೆದ ಹೆಸರು

"ಆ ಹೆಸರೊಂದು ಅಳಿಸಬ್ಯಾಡಪ್ಪ," ಎಂದಳು ಮುದುಕಿ ಡಾರ್ಕಸ್ ಲೆಡ್ಲಿ. "ಅಳಿಸಿದವನ ಮನೇಲೂ ಒಂದು ಹೆಸರು ಅಳಿಸಿಹೋಗುತ್ತೆ. ಅದು ವಾಪಸ್ ಬೇಕಂದ್ರೆ ಆ ಗೆರೆ ಮೇಲೆ ಅವನು ತನ್ನ ಹೆಸರೇ ಬರೆದಿಡಬೇಕು. ನಮ್ಮಮ್ಮ ಹಾಕಿರೋ ಕಟ್ಟು ಇದು."

ಕ್ಲೈವ್ ಮಾಟ್ರಮ್ ನಕ್ಕುಬಿಟ್ಟ. ಯಾರ್ಕ್‌ಷೈರಿನ ಆ ಬೆಸ್ತರ ಹಳ್ಳಿಗೆ ಅವನು ಬಂದದ್ದೇ ಅಂದು ಮೊದಲು. "ಅಂಚೆ ಕಾಗದಕ್ಕೂ ಮಾಟವಾ? ಪೋಸ್ಟ್‌ಮಾಸ್ಟರಿಗೆ ತಾಯಿತ ಕಟ್ಟಿಸಿದ್ರೋ ಇಲ್ವೋ?" ಎಂದು ಕೀಟಲೆ ಮಾಡಿದ. ಪಕ್ಕದಲ್ಲಿದ್ದ ಮಗಳು ಹೇಝಲ್ ಮೇಜಿನ ಕೆಳಗೆ ಅವನ ಕಾಲು ತುಳಿದಳು.

ಮೇಜಿನ ಮೇಲಿದ್ದುದು ೧೯೧೪ರ ಆಗಸ್ಟಿನ ಒಂದು ಪೋಸ್ಟಲ್ ಆರ್ಡರ್. ಯುದ್ಧ ಶುರುವಾದಾಗ ಜನ ಚಿನ್ನದ ನಾಣ್ಯಗಳನ್ನೆಲ್ಲ ಬಚ್ಚಿಟ್ಟುಕೊಂಡರು. ಸರ್ಕಾರ ಪೋಸ್ಟಲ್ ಆರ್ಡರನ್ನೇ ದುಡ್ಡೆಂದು ಸಾರಿತು. ಬ್ರೆಡ್ಡಿನ ಅಂಗಡಿಯಲ್ಲೂ ಕಲ್ಲಿದ್ದಲ ಗಾಡಿಯ ಬಳಿಯೂ ಅವೇ ಓಡಿದವು. ಕೆಲವು ತಿಂಗಳ ಆಟ ಅಷ್ಟೆ. ಆಮೇಲೆ ಬಹುಪಾಲು ಅಂಚೆ ಕಚೇರಿಗೆ ಮರಳಿ ಇಲ್ಲವಾದವು. ಅಳಿದುಳಿದವುಗಳಿಗಾಗಿ ಸಂಗ್ರಾಹಕನಾದ ಕ್ಲೈವ್ ಊರೂರು ಅಲೆಯುತ್ತಿದ್ದ.

ಡಾರ್ಕಸಳ ಅಣ್ಣ ಜೇಬೆಜ್ ಈ ಕಾಗದವನ್ನು ಅಮ್ಮನ ಕೈಗಿತ್ತು, ಶತ್ರುಗಳು ಸಮುದ್ರದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಹೆಕ್ಕುವ ದೋಣಿ ಹತ್ತಿದ್ದ. ದೋಣಿಯೂ ಬರಲಿಲ್ಲ, ಹೆಣವೂ ಬರಲಿಲ್ಲ. ಆ ಊರಲ್ಲಿ ಸತ್ತವರ ಹೆಸರನ್ನು ಶಾಯಿಯಲ್ಲಿ ಬರೆಯುತ್ತಾರೆ, ಹಿಂದಿರುಗದವರ ಹೆಸರನ್ನು ಪೆನ್ಸಿಲ್ಲಿನಲ್ಲಿ. ಹಣ ಪಡೆಯುವವರ ಗೆರೆಯ ಮೇಲೆ ಅಮ್ಮ ಜೇಬೆಜ್ ಎಂದು ಬರೆದಳು, ಉಪ್ಪು ಸುರಿದಳು, ಅವನ ಬಾಚಣಿಗೆಯ ಕೂದಲು ಸುಟ್ಟು ಹೊಗೆ ಹಿಡಿದಳು. ಅಕ್ಷರ ಮಾಸಿದಾಗಲೆಲ್ಲ ತಿದ್ದಿದಳು. ಅವಳ ನಂತರ ಡಾರ್ಕಸ್ ತಿದ್ದುತ್ತ ಬಂದಳು. ಪ್ರತಿ ಸಂಜೆ ಅಣ್ಣನಿಗೊಂದು ಕಪ್ ಚಹಾ ಇಡುವಳು, ಆರಿದ ಮೇಲೆ ಚೆಲ್ಲುವಳು. ಮದುವೆಯೂ ಆಗಲಿಲ್ಲ ಆ ಹೆಂಗಸು, ಮನೆ ಬಿಟ್ಟರೆ ಅವನು ಬಂದಾಗ ಯಾರೂ ಇರುವುದಿಲ್ಲವಲ್ಲ ಎಂದು.

ಕಾಗದ ಮಾರಲು ಡಾರ್ಕಸ್ ಒಪ್ಪಲಿಲ್ಲ. ಪ್ರದರ್ಶನಕ್ಕೆ ಎರವಲು ಕೊಡಿ, ನಿಮ್ಮಣ್ಣನ ಹೆಸರನ್ನು ಊರೆಲ್ಲ ಓದುತ್ತೆ ಎಂದು ಕ್ಲೈವ್ ಬೆಣ್ಣೆ ಹಚ್ಚಿದ. ಮುದುಕಿಯ ಕಣ್ಣು ತುಂಬಿತು. ವಾಪಸ್ ಯಾರು ತರುತ್ತೀರಿ ಎಂದು ಕೇಳಿದಳು.

"ನಾನು ತರ್ತೀನಿ ಅಜ್ಜಿ."

"ನಿನ್ನ ಹೆಸರೇನು ಮಗಾ?"

"ಹೇಝಲ್."

ಡಾರ್ಕಸ್ ಆ ಹೆಸರನ್ನು ತುಟಿಯಲ್ಲೇ ಹೇಳಿಕೊಂಡು, ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಹೆಂಡತಿ ಹೋದ ಮೇಲೆ ಕ್ಲೈವ್‌ಗೆ ಇದ್ದವಳು ಹೇಝಲ್ ಒಬ್ಬಳೇ. ಕಾರು ಓಡಿಸುವವಳೂ ಅವಳೇ, ಅವನ ಟೈ ಕಟ್ಟುವವಳೂ ಅವಳೇ. ಇಷ್ಟೆಲ್ಲ ಇದ್ದೂ ಆ ಮನುಷ್ಯನಿಗೆ ಬುದ್ಧಿ ಬರಲಿಲ್ಲ. ಪ್ರದರ್ಶನದ ಬೆಳಿಗ್ಗೆ ಅವನಿಗೆ ಕಂಡದ್ದು ಹೆಸರಲ್ಲ, ಕಾಗದಕ್ಕಂಟಿದ ಕಲೆ. ಪೆನ್ಸಿಲ್ ಗೀಚಿದ ಕಾಗದಕ್ಕೆ ಬಹುಮಾನ ಕೊಡುವ ತೀರ್ಪುಗಾರರು ಮೂಗು ಮುರಿಯುತ್ತಾರೆ. ಹಳೇ ಸಂಗ್ರಾಹಕರು ಮಾಡುವಂತೆ ಒಣ ಬ್ರೆಡ್ಡಿನ ಒಳತಿರುಳನ್ನು ಉಂಡೆ ಕಟ್ಟಿ ಗೆರೆಯ ಮೇಲೆ ಮೆಲ್ಲಗೆ ಉಜ್ಜಿದ. ಪಕ್ಕದ ಕೋಣೆಯಲ್ಲಿ ಹೇಝಲ್ ಗುನುಗುತ್ತ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಕಾಗದದಿಂದ ಸುಟ್ಟ ಕೂದಲಿನ ವಾಸನೆ ಎದ್ದಿತು. ಹಿಂದೆಯೇ ಉಪ್ಪುನೀರಿನ ವಾಸನೆ. ಅವನು ಕಿಟಕಿ ತೆರೆದು ಕಪ್ಪಾದ ಬ್ರೆಡ್ಡಿನ ಪುಡಿಯನ್ನು ಹೊರಗೆ ಕೊಡವಿದ. ಸಮುದ್ರದಿಂದ ಅಷ್ಟು ದೂರದ ಅಂಗಳಕ್ಕೆ ಕಡಲಹಕ್ಕಿಯೊಂದು ಇಳಿದು ಅದನ್ನು ಹೆಕ್ಕಿ ನುಂಗಿತು.

ಗುನುಗು ನಿಂತಿತು.

ಕರೆಯಲು ಬಾಯಿ ತೆರೆದ. ಯಾರನ್ನು? ನಾಲಿಗೆಯ ಮೇಲೆ ಏನೂ ಇಲ್ಲ. ಬಟ್ಟೆ ಸೀದ ವಾಸನೆ. ಓಡಿದ. ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ಹೊಗೆಯಾಡುತ್ತಿದೆ. ಕೋಣೆ ಖಾಲಿ. ಹೊರಗೆ ಕಾರು ನಿಂತಿದೆ. ಕಾರು ಓಡಿಸಲು ಬಾರದ ತನಗೆ ಕಾರೇಕೆ? ಸೀಟಿನ ಮೇಲೆ ಹೆಣ್ಣಿನ ಸ್ಕಾರ್ಫು. ಮೂಸಿದ. ಯಾರೋ ಇದ್ದರು. ಯಾರು? ಯಾರು?

ಮುದುಕಿಯ ಮಾತು ಆಗ ನೆನಪಾಯಿತು. ಕಾಗದವನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ಸಂಜೆ ಹಳ್ಳಿ ತಲುಪಿದಾಗ ಮಂಜು ಕವಿದು ಬೀದಿಯೇ ಕಾಣುತ್ತಿರಲಿಲ್ಲ. ದೋಣಿಗಳಿಗೆ ದಾರಿ ತೋರಿಸುವ ಕೊಂಬು ದೂರದಲ್ಲಿ ಊಳಿಡುತ್ತಿತ್ತು. ಡಾರ್ಕಸ್ ಎರಡು ಕಪ್ ಚಹಾ ಮುಂದಿಟ್ಟುಕೊಂಡು ಕೂತಿದ್ದಳು.

"ನಿಮ್ಮಣ್ಣನ ಹೆಸರೇನಮ್ಮ? ಬೇಗ ಹೇಳಿ, ಅದನ್ನೇ ಮತ್ತೆ ಬರೆದುಬಿಡ್ತೀನಿ."

"ಅಣ್ಣನಾ?" ಮುದುಕಿ ಎರಡನೇ ಕಪ್ಪನ್ನು ನೋಡಿದಳು. "ನನಗ್ಯಾರೂ ಅಣ್ಣ ಇರಲಿಲ್ಲಪ್ಪ. ಇದನ್ಯಾಕೆ ಇಟ್ಟೆನೋ, ಬೆಳಿಗ್ಗೆಯಿಂದ ಅಳು ಬರ್ತಾನೇ ಇದೆ."

ಅವನ ತಲೆಯಲ್ಲೂ ಆ ಹೆಸರಿರಲಿಲ್ಲ. ಉಳಿದದ್ದು ಒಂದೇ ದಾರಿ. ಅಗ್ಗಿಷ್ಟಿಕೆಯ ಮೇಲಿನ ಹಲಗೆಯಿಂದ ಮೋಟು ಪೆನ್ಸಿಲ್ ಎಳೆದುಕೊಂಡ. ಖಾಲಿ ಗೆರೆಯ ಮೇಲೆ ಬರೆದ: ಕ್ಲೈವ್.

ಕೊಂಬು ನಿಂತಿತು. ಹೊರಗೆ ಕಾರು ಬಂದು ನಿಂತ ಸದ್ದು. ಬಾಗಿಲು ತಳ್ಳಿಕೊಂಡು ಅವಳು ಒಳಗೆ ಬಂದಳು, ಕತ್ತಿನಲ್ಲಿ ಅದೇ ಸ್ಕಾರ್ಫು. ಹೆಸರು ಅವನ ಗಂಟಲಿಗೆ ನುಗ್ಗಿ ಬಂತು.

"ಹೇಝಲ್," ಎಂದ. "ಹೇಝಲ್, ಕಂದಾ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನನ್ನ ಹೆಸರು ನಿಮಗೆ ಹೇಗೆ ಗೊತ್ತು?" ಆಮೇಲೆ ಮುದುಕಿಯ ಕಡೆ ತಿರುಗಿ, "ಕಾಗದ ವಾಪಸ್ ತರ್ತೀನಿ ಅಂದಿದ್ದೆ ಅಜ್ಜಿ. ನೋಡಿದ್ರೆ ಇಲ್ಲೇ ಇದೆಯಲ್ಲ. ಇವರು ಯಾರು?"

"ಯಾರೋ ದಾರಿ ತಪ್ಪಿ ಬಂದವ್ರು, ಮಗಾ."

ಡಾರ್ಕಸ್ ಕಾಗದವನ್ನು ದೀಪಕ್ಕೆ ಹಿಡಿದು ಒಂದೊಂದೇ ಅಕ್ಷರ ಓದಿದಳು. ಸುಕ್ಕುಗಟ್ಟಿದ ಮುಖ ಅರಳಿತು. ಕ್ಲೈವ್, ನಮ್ಮಣ್ಣ ಕ್ಲೈವ್, ಎಂದು ಪೆನ್ಸಿಲ್ ತೆಗೆದುಕೊಂಡು ಅಕ್ಷರಗಳ ಮೇಲೆ ಒತ್ತಿ ತಿದ್ದಿದಳು. ಹೇಝಲ್ ಅವಳ ಹೆಗಲಿಗೆ ಶಾಲು ಹೊದಿಸಿ ಪಕ್ಕದಲ್ಲಿ ಕೂತಳು.

ಆ ಗೆರೆಯನ್ನು ಅಳಿಸಿಬಿಡಬಹುದಿತ್ತು. ಅಳಿಸಿದರೆ ಅವಳು ಮತ್ತೆ ಹೋಗುತ್ತಾಳೆ. ಕ್ಲೈವ್ ಕಾಗದದಿಂದ ದೂರ ಸರಿದು ಕೂತ. ಎರಡನೇ ಕಪ್ಪಿನತ್ತ ಕೈ ಚಾಚಿದ.

"ಅದನ್ನ ಮುಟ್ಟಬ್ಯಾಡಪ್ಪ," ಎಂದಳು ಡಾರ್ಕಸ್. "ಅದು ನಮ್ಮ ಕ್ಲೈವ್‌ದು. ಬರ್ತಾನೆ ಅವನು."

ಹೇಝಲ್ ಎದ್ದು ಅವನಿಗಾಗಿ ಬಾಗಿಲು ತೆರೆದು ಹಿಡಿದಳು. ತುಂಬ ಮಂಜಿದೆ, ಮನೇಲಿ ಕಾಯ್ತಿರ್ತಾರೆ, ಹುಷಾರಾಗಿ ಹೋಗಿ ಎಂದಳು.